ಸತ್ಯಾಂಶ: ಜೋಸೆಫೀನಳ ಬಂಧು ಒಟ್ಟೋಮನ್ ರಾಜಮಾತೆಯಾದಳೇ?

ನೆಪೋಲಿಯನ್‌ನ ಪತ್ನಿ ಜೋಸೆಫೀನಳ ಬಂಧು ಏಮೆಯನ್ನು ಕಡಲ್ಗಳ್ಳರು ಹಿಡಿದು ಇಸ್ತಾಂಬುಲ್‌ನ ಅಂತಃಪುರಕ್ಕೆ ಸೇರಿಸಿದರು, ಅವಳೇ ಸುಲ್ತಾನ ಎರಡನೇ ಮಹಮೂದನ ತಾಯಿ ನಕ್ಷಿದಿಲ್ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಕಥೆ ಸೊಗಸಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ.

ಮಾರ್ಟಿನಿಕ್ ದ್ವೀಪದ ಏಮೆ ಫ್ರಾನ್ಸಿನ ಕಾನ್ವೆಂಟಿನಲ್ಲಿ ಓದಿ, ಊರಿಗೆ ಮರಳುವಾಗ 1788ರಲ್ಲಿ ಕಡಲಲ್ಲಿ ಕಾಣೆಯಾದಳು ಎಂದು ಕಥೆ ಹೇಳುವವರೇ ಹೇಳುತ್ತಾರೆ. ಮಹಮೂದ್ ಹುಟ್ಟಿದ್ದು 1785ರ ಜುಲೈನಲ್ಲಿ! ಕಾಣೆಯಾಗುವ ಮೊದಲೇ ಮಗ ತೊಟ್ಟಿಲಲ್ಲಿದ್ದನೆಂದು ನಂಬಬೇಕಾಗುತ್ತದೆ.

ನಕ್ಷಿದಿಲ್ ಕಪ್ಪು ಸಮುದ್ರದ ಪೂರ್ವಕ್ಕಿರುವ ಕಾಕಸಸ್ ಬೆಟ್ಟನಾಡಿನ ಕಡೆಯ ಗುಲಾಮ ಹೆಣ್ಣು ಎಂಬುದು ಇತಿಹಾಸಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ಅಂತಃಪುರಕ್ಕೆ ಬಂದವರಿಗೆ ಹೊಸ ಹೆಸರು ಇಡುತ್ತಿದ್ದುದರಿಂದ ಹುಟ್ಟಿನ ಗುರುತು ಅಳಿಸಿಹೋಗುತ್ತಿತ್ತು. ಕಟ್ಟುಕಥೆಗೆ ಜಾಗ ಸಿಕ್ಕಿದ್ದು ಅಲ್ಲಿಯೇ. ಅವಳಿಗೆ ಅಧಿಕಾರ ತಂದುಕೊಟ್ಟದ್ದು ಫ್ರೆಂಚ್ ರಕ್ತವಲ್ಲ, ಅರಮನೆಯ ಪದ್ಧತಿ: 1808ರಲ್ಲಿ ಮಗ ಪಟ್ಟಕ್ಕೇರಿದಾಗ ಅವಳು ವಾಲಿದೆ ಸುಲ್ತಾನ್, ಅಂದರೆ ರಾಜಮಾತೆ, ಅಂತಃಪುರದ ಒಡತಿ. 1817ರಲ್ಲಿ ತೀರಿಕೊಂಡಳು. ಸಮಾಧಿ ಇಸ್ತಾಂಬುಲ್‌ನ ಫಾತಿಹ್ ಮಸೀದಿಯ ಆವರಣದಲ್ಲಿದೆ.

ಈ ವದಂತಿ ವಾಟ್ಸ್ಆ್ಯಪ್‌ನ ಕೂಸಲ್ಲ. ಮಹಮೂದನ ಮಗ ಸುಲ್ತಾನ ಅಬ್ದುಲ್ ಅಜೀಜ್ 1867ರಲ್ಲಿ ಪ್ಯಾರಿಸ್‌ಗೆ ಹೋಗಿದ್ದ. ಅವನಿಗೂ ಜೋಸೆಫೀನಳ ಮೊಮ್ಮಗ, ಆಗಿನ ಫ್ರೆಂಚ್ ಚಕ್ರವರ್ತಿ ಮೂರನೇ ನೆಪೋಲಿಯನ್‌ಗೂ ಹೀಗೆ ನಂಟು ಕಟ್ಟುವುದು ಕಥೆಗಾರರಿಗೆ ಬಹಳ ಅನುಕೂಲವಾಯಿತು.