ನಾಲ್ಕು ಕೆಜಿ ಗುಂಡು, ಏಳು ಕೆಜಿ ಬ್ಯಾಗು

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟ್ ಜಿಮ್ಮಲ್ಲಿ ನಡೆದದ್ದನ್ನ ಬರೀದೇ ಇದ್ರೆ ನನಗೆ ಊಟ ಸೇರಲ್ಲ.

ಆರನೇ ಕ್ಲಾಸಿನ ಹುಡುಗ. ನಾಲ್ಕು ಕೆಜಿ ಕೆಟಲ್‌ಬೆಲ್‌ನ (ಮೇಲೆ ಹಿಡಿ ಇರೋ ಕಬ್ಬಿಣದ ಗುಂಡನ್ನ) ಎರಡೂ ಕೈಲಿ ಎದೆಗವಚಿಕೊಂಡು ಕೂತು ಏಳ್ತಿದ್ದ. ಬೆನ್ನು ನೆಟ್ಟಗೆ, ಹಿಮ್ಮಡಿ ನೆಲಕ್ಕೆ ಊರಿ, ನೋಡೋಕೇ ಚೆಂದ. ನಾನು ಮನಸ್ಸಲ್ಲೇ ಶಭಾಷ್ ಅಂತಿದ್ದೆ. ಅಷ್ಟರಲ್ಲಿ ಅವರಪ್ಪ ಬಾಗಿಲಿಂದಲೇ ಕೂಗಿದ್ರು: "ಏಯ್, ಇಡೋ ಕೆಳಗೆ! ಕುಳ್ಳ ಆಗೋಗ್ತೀಯ!" ಹುಡುಗ ಕದ್ದ ಮಾಲು ಇಡೋ ಹಾಗೆ ಇಟ್ಟ.

ಆ ಮಹಾನುಭಾವರ ಎತ್ತರ ಐದಡಿ ಮೂರಿಂಚು. ಟಿವಿ ರಿಮೋಟ್ ಬಿಟ್ಟು ಬೇರೇನೂ ಎತ್ತಿದ್ದನ್ನ ನಾನಂತೂ ನೋಡಿಲ್ಲ. (ನಾನೂ ಐದಡಿಯೇ, ಬಿಡಿ.)

"ಹಾಗೇನಾಗಲ್ಲ ಸರ್" ಅಂದೆ. "ಬೆಳೆಯೋ ಮೂಳೆ ಮೇಡಂ, ನಿಮಗೆ ಗೊತ್ತಾಗಲ್ಲ" ಅಂದ್ರು. ಹೌದಪ್ಪ, ದಾವಣಗೆರೆ ಪಿಟಿ ಮೇಷ್ಟ್ರ ಮಗಳಿಗೆ ಏನು ಗೊತ್ತಾಗುತ್ತೆ! ಹಿಂದಿನ ಬರಹಗಳಲ್ಲಿ ನನ್ನ ಬೆನ್ನಿನ ಡಿಸ್ಕ್ ಪುರಾಣ, ನಲವತ್ತಾದ ಮೇಲೆ ಈ ಕಬ್ಬಿಣದ ಗುಂಡಿಗೆ ಶರಣಾದ ಕಥೆ, ಇವನ್ನೆಲ್ಲ ಓದಿ ಓದಿ ನಿಮಗೂ ಬೆನ್ನುನೋವು ಬಂದಿರಬೇಕು. ಅದನ್ನ ಮತ್ತೆ ಶುರು ಮಾಡಲ್ಲ.

ಮುಂದಿನದು ಕೇಳಿ. ಏಳೂ ನಲವತ್ತಕ್ಕೆ ಅದೇ ಹುಡುಗ ಸ್ಕೂಲ್ ಬ್ಯಾಗ್ ಹೊತ್ತು ಲಿಫ್ಟಿನ ಹತ್ರ ನಿಂತಿದ್ದ, ಮುಂದಕ್ಕೆ ಬಾಗಿ, ಆಮೆ ಥರ. ತಡೀಲಾರದೆ ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿ ತಂದು ತೂಗಿದೆ. 7 ಕೆಜಿ 200 ಗ್ರಾಂ! ಆರರಿಂದ ಎಂಟನೇ ಕ್ಲಾಸಿನವರ ಬ್ಯಾಗು 3ರಿಂದ 4 ಕೆಜಿ ಮೀರಬಾರದು ಅಂತ ನಮ್ಮ ರಾಜ್ಯ ಸರ್ಕಾರವೇ 2019ರಲ್ಲಿ ಹೇಳಿದೆ. ಆ ಏಳು ಕೆಜಿಗೆ ಯಾರೂ ಕುಳ್ಳ ಆಗಲ್ಲ. ಅದರೊಳಗೆ ಗಣಿತ ಇದೆಯಲ್ಲ!

ಅಲ್ರೀ, ಬೆಳೆಯೋ ಮಕ್ಕಳ ಮೂಳೆ ತುದೀಲಿ ಗ್ರೋತ್ ಪ್ಲೇಟ್, ಅಂದ್ರೆ ಮೂಳೆ ಉದ್ದ ಬೆಳೆಯೋ ಜಾಗ, ಇರೋದು ನಿಜ. ಅದು ಮೂಳೆಗಿಂತ ಮೆತ್ತಗಿರೋದೂ ನಿಜ. ಆದ್ರೆ ಅದೇ ಹುಡುಗ ಸಂಜೆ ಕಾಂಪೌಂಡ್ ಗೋಡೆಯಿಂದ ಧುಮುಕಿದಾಗ ಅವನ ಕಾಲಿಗೆ ಬೀಳೋ ಹೊಡೆತ ಅವನ ತೂಕದ ಎಷ್ಟೋ ಪಟ್ಟು. ಆ ಗೋಡೆಗೆ ಯಾರೂ ಹೆದರಿಲ್ಲ. ಸರಿಯಾಗಿ ಕಲಿಸಿ, ಪಕ್ಕದಲ್ಲಿ ನಿಂತು ಮಾಡಿಸಿದ್ರೆ ಭಾರ ಎತ್ತೋದ್ರಿಂದ ಎತ್ತರ ಕುಂಠಿತ ಆಗಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲೂ ಬರೆದಿದೆ. "ಮತ್ತೆ ವೇಟ್‌ಲಿಫ್ಟರ್‌ಗಳು ಯಾಕೆ ಕುಳ್ಳಗಿರ್ತಾರೆ?" ಅಂತೀರಾ? ಕೈಕಾಲು ಗಿಡ್ಡ ಇದ್ದೋರಿಗೆ ಭಾರ ಎತ್ತೋದು ಸಲೀಸು, ಅದಕ್ಕೇ ಅವರು ಆ ಆಟಕ್ಕೆ ಬರ್ತಾರೆ. ಬ್ಯಾಸ್ಕೆಟ್‌ಬಾಲ್ ಆಡಿ ಯಾರಾದ್ರೂ ಉದ್ದ ಆಗಿದ್ದಾರಾ?

ಈ ಕೆಟಲ್‌ಬೆಲ್ ಮೊದಲು ರಷ್ಯಾದ ಸಂತೆಗಳಲ್ಲಿ ದವಸ ತೂಗೋಕೆ ಇಟ್ಟುಕೊಂಡಿದ್ದ ತೂಕದ ಗುಂಡು. ಅಲ್ಲಿ 'ಗಿರಿಯಾ' ಅಂತಾರೆ, ಹಳೇ ಅಳತೇಲಿ ಒಂದು ಪೂಡ್ ಅಂದ್ರೆ ಸುಮಾರು 16 ಕೆಜಿ. ಭಾರ ಎಲ್ಲ ಹಿಡಿಯ ಕೆಳಗೆ ತೂಗ್ತಿರುತ್ತೆ, ಅದಕ್ಕೇ ಡಂಬಲ್ಲಿನ ಹಾಗೆ ಸುಮ್ಮನೆ ಕೈಲಿ ಕೂರಲ್ಲ, ಮೈಯೆಲ್ಲ ಎಚ್ಚರ ಇರಬೇಕು. ಮಗು ಮೊದಲು ಕಲಿಯೋದು ಬೆನ್ನು ಬಾಗಿಸದೆ ಸೊಂಟದಲ್ಲಿ ಮಡಚೋದನ್ನ. ಎರಡೂ ಕೈಲಿ ಪಾತ್ರೆ ಇದ್ದಾಗ ಫ್ರಿಜ್ ಬಾಗಿಲನ್ನ ಹಿಂಭಾಗದಿಂದ ತಳ್ಳಿ ಮುಚ್ತೀವಲ್ಲ, ಅದೇ. ನನಗೆ ಹನ್ನೆರಡಕ್ಕೇ ಯಾರಾದ್ರೂ ಇದನ್ನ ಕಲಿಸಿದ್ರೆ... ಇರಲಿ. ಅಪ್ಪ ಅಣ್ಣನ್ನ ಗರಡಿಗೆ ಕಳಿಸಿದ್ರು. ನನಗೆ ರಂಗೋಲಿ ಪುಸ್ತಕ ತಂದುಕೊಟ್ರು.

ಹರೆಯಕ್ಕೆ ಮುಂಚೆ ಮಕ್ಕಳ ತೋಳೇನೂ ಉಬ್ಬಲ್ಲ. ಇರೋ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳೋದನ್ನ ನರಗಳು ಕಲೀತವೆ, ಶಕ್ತಿ ಹಾಗೆ ಬರುತ್ತೆ. ಹುಡುಗಿಯರ ಮೂಳೆಗಂತೂ ಸೇರಬೇಕಾದ ಗಟ್ಟಿತನದ ಬಹುಪಾಲು ಹದಿನೆಂಟರೊಳಗೇ ಸೇರಿಬಿಡುತ್ತೆ. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ ವರ್ಷ ನಾನಿದನ್ನ ಓದಿದ್ದು. ಐದರಿಂದ ಹದಿನೇಳು ವರ್ಷದವರು ವಾರಕ್ಕೆ ಮೂರು ದಿನವಾದ್ರೂ ಸ್ನಾಯು, ಮೂಳೆ ಗಟ್ಟಿಯಾಗೋ ಕಸರತ್ತು ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮ ಮಕ್ಕಳು ಮಾಡೋದು ಹೆಬ್ಬೆರಳ ಕಸರತ್ತು.

ಪೆಟ್ಟಾಗಲ್ವಾ? ಆಗುತ್ತೆ. ಚಿಕ್ಕ ಮಕ್ಕಳಿಗೆ ಹೆಚ್ಚಾಗಿ ಭಾರ ಕೈಜಾರಿ ಕಾಲ್ಬೆರಳ ಮೇಲೆ ಬಿದ್ದು ಆಗುತ್ತೆ. ರೀಲ್ಸ್ ನೋಡಿ 16 ಕೆಜಿನ ಒಂಟಿ ಕೈಲಿ ತಲೆ ಮೇಲೆತ್ತೋ ಹದಿನೈದರ ಶೂರರಿಗೂ ಆಗುತ್ತೆ. ಅಂಥವರ ಕೈಯಿಂದ ನಾನೇ ಕಿತ್ತುಕೊಂಡಿದ್ದೀನಿ. ಮೊದಲು ಬರೀ ಕೋಲು, ಆಮೇಲೆ ಹಗುರದ್ದು, ತೂಗಿ ಬೀಸೋದು ಎಲ್ಲಕ್ಕಿಂತ ಕೊನೆಗೆ, ಪಕ್ಕದಲ್ಲಿ ಬಲ್ಲವರೊಬ್ಬರು ಇದ್ದೇ ಇರಬೇಕು. ಈಜಾದ್ರೂ ಅಷ್ಟೇ ತಾನೆ? ಹಾಗಂತ ನೀರನ್ನೇ ನಿಷೇಧ ಮಾಡಿದ್ವಾ?

ಇಷ್ಟು ಬರೆದು ಒಂದು ವಿಷಯ ಮುಚ್ಚಿಟ್ರೆ ತಪ್ಪಾಗುತ್ತೆ. ಹೋದ ವರ್ಷ ಮಗಳ ಸ್ಕೂಲಿನ ಪೇರೆಂಟ್ಸ್ ಮೀಟಿಂಗಲ್ಲಿ "ಒಂಬತ್ತನೇ ಕ್ಲಾಸಿಗೆ ಪಿಟಿ ಪೀರಿಯಡ್ ತೆಗೆದು ಗಣಿತಕ್ಕೆ ಕೊಡೋಣ್ವಾ, ಒಪ್ಪಿಗೆ ಇರೋರು ಕೈ ಎತ್ತಿ" ಅಂದ್ರು. ನಾನು ಎತ್ತಿದೆ. ಪಿಟಿ ಮೇಷ್ಟ್ರ ಮಗಳು! ಅಪ್ಪ ಇದ್ದಿದ್ರೆ ವಿಷಲ್ ಊದಿ ಗ್ರೌಂಡ್ ಸುತ್ತು ಹೊಡೆಸ್ತಿದ್ರು. ಮಗಳು ಅವತ್ತು ಏನೂ ಅನ್ಲಿಲ್ಲ. ನಾನು ತಂದಿಟ್ಟಿದ್ದ ಕೆಟಲ್‌ಬೆಲ್‌ನ ರೂಮಿನ ಬಾಗಿಲಿಗೆ ಅಡ್ಡ ಇಟ್ಕೊಂಡ್ಳು, ಗಾಳಿಗೆ ಹೊಡ್ಕೊಳ್ಳದ ಹಾಗೆ. ಇವತ್ತಿಗೂ ಅಲ್ಲೇ ಇದೆ.

ಮುಂದಿನ ಮೀಟಿಂಗ್ ಈ ತಿಂಗಳು ಹದಿನೆಂಟಕ್ಕೆ. ಪಿಟಿ ಪೀರಿಯಡ್ ವಾಪಸ್ ಕೇಳ್ತೀನಿ. ಐದಡಿ ಮೂರಿಂಚಿನವರ ಮಗನೂ ಅದೇ ಸ್ಕೂಲು, ಅವರೂ ಬರ್ತಾರೆ. ಕೊಕ್ಕೆ ತಕ್ಕಡಿ ನನ್ನ ಬ್ಯಾಗಲ್ಲಿರುತ್ತೆ.