ಆಟ ಹಳೆಯದು, ಅವಸರ ಕಂಪ್ಯೂಟರ್‌ನದು

ಹಳೇ ಕಂಪ್ಯೂಟರ್ ಆಟ ಆಡಬೇಕೆಂಬ ಆಸೆ ಹುಟ್ಟುವುದು ಸಾಮಾನ್ಯವಾಗಿ ರಾತ್ರಿ ಹತ್ತರ ಮೇಲೆ, ಮನೆಯವರೆಲ್ಲ ಮಲಗಿದ ನಂತರ. ಪ್ರಿನ್ಸ್ ಆಫ್ ಪರ್ಷಿಯಾ ಎಲ್ಲರೂ ಆಡಿದ್ದಾಯಿತು, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆಸೆ ಹೋಗಿ ನಿಲ್ಲುವುದು ಡಿಗ್ಗರ್, ಪ್ಯಾರಾಟ್ರೂಪರ್, ಆಲಿ ಕ್ಯಾಟ್‌ಗಳ ಮೇಲೆ. ತೊಂಬತ್ತರ ದಶಕದಲ್ಲಿ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಸೆಂಟರ್‌ನ ಎಸಿ ರೂಮಿಗೆ ನುಗ್ಗಿ, ಮೇಷ್ಟ್ರು ಆಚೆ ಹೋದದ್ದೇ ತಡ ಫ್ಲಾಪಿ ತುರುಕುತ್ತಿದ್ದವರಿಗೆ ಇವುಗಳ ಹೆಸರು ಮರೆತಿರಬಹುದು, ಕೀ ಮರೆತಿರುವುದಿಲ್ಲ.

ಡಿಗ್ಗರ್‌ನಿಂದಲೇ ಶುರು ಮಾಡೋಣ. ಕೆನಡಾದ ವಿಂಡ್‌ಮಿಲ್ ಸಾಫ್ಟ್‌ವೇರ್ 1983ರಲ್ಲಿ ಹೊರತಂದ ಆಟ. ಮಣ್ಣು ಅಗೆಯಬೇಕು, ಪಚ್ಚೆ ಆರಿಸಬೇಕು, ಬೆನ್ನಟ್ಟಿ ಬರುವ ಭೂತಗಳ ತಲೆ ಮೇಲೆ ಚಿನ್ನದ ಚೀಲ ಬೀಳಿಸಬೇಕು. ಇಡೀ ಆಟ ವಾಟ್ಸ್ಯಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರದಷ್ಟೂ ಇಲ್ಲ. ಅರೆಗಳಿಗೆಯಲ್ಲಿ ಡೌನ್‌ಲೋಡ್ ಆಗುತ್ತದೆ. ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಒಂದೇ ಮಾತಿನಲ್ಲಿ ಹೇಳುತ್ತದೆ: ಇದು ಇಲ್ಲಿ ನಡೆಯುವುದಿಲ್ಲ. ಪ್ರಾಪರ್ಟೀಸ್‌ಗೆ ಹೋಗಿ ‘ವಿಂಡೋಸ್ 95’ ಎಂದು ಟಿಕ್ ಹಾಕುವ ಹಟವಾದಿಗಳಿದ್ದಾರೆ. ಪ್ರಯೋಜನವಿಲ್ಲ. ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಗೆ ಬರೆದ ಈ ಆಟಗಳು 16 ಬಿಟ್‌ನವು. 32 ಬಿಟ್ ವಿಂಡೋಸ್ ಅವಕ್ಕೆಂದು ಮನೆಯೊಳಗೆ ಒಂದು ಕೋಣೆ ಬಿಟ್ಟುಕೊಟ್ಟಿತ್ತು. 64 ಬಿಟ್‌ನಲ್ಲಿ ಆ ಕೋಣೆಯೇ ಇಲ್ಲ, ಏಕೆಂದರೆ ಪ್ರೊಸೆಸರ್ 64 ಬಿಟ್ ಮೋಡ್‌ನಲ್ಲಿದ್ದಾಗ ಹಳೇ 8086 ಪ್ರೊಸೆಸರ್‌ನ ವೇಷ ಹಾಕಲು ಅದಕ್ಕೆ ಬರುವುದಿಲ್ಲ.

ಹಾಗಾಗಿ ಡಾಸ್‌ಬಾಕ್ಸ್, ಅಂದರೆ ಇಂದಿನ ಕಂಪ್ಯೂಟರಿನೊಳಗೆ ಹಳೇ ಡಾಸ್ ಪಿಸಿಯ ವೇಷ ಹಾಕುವ ಪ್ರೋಗ್ರಾಮ್. ಅದನ್ನು ಹಾಕಿಕೊಂಡ ಮೇಲೆ ಆಟಗಳಿಗೆ ಬೇರೆಯೇ ಫೋಲ್ಡರ್ ಮಾಡಿ. ಅಭಿಮಾನದಿಂದ ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟರೆ ಡಾಸ್ ಓದಲಾರದು. ಇಂಗ್ಲಿಷ್‌ನಲ್ಲೇ ‘ಹಳೇ ಆಟಗಳು ಹೊಸದು ಫೈನಲ್’ ಎಂದು ಉದ್ದಕ್ಕೆ ಬರೆದರೆ ಮೊದಲ ಆರು ಅಕ್ಷರ ಉಳಿಸಿಕೊಂಡು, ಪಕ್ಕದಲ್ಲಿ ಒಂದು ಅಲೆಗೆರೆ, ಒಂದು ‘1’ ಹಾಕಿ ತೋರಿಸುತ್ತದೆ. ಎಂಟಕ್ಷರ ಮೀರದ, ನಡುವೆ ಸ್ಪೇಸ್ ಇಲ್ಲದ ಹೆಸರು ಸಾಕು. ಆ ಫೋಲ್ಡರನ್ನೇ ಸಿ ಡ್ರೈವ್ ಎಂದು ಡಾಸ್‌ಬಾಕ್ಸ್‌ಗೆ ನಂಬಿಸಲು ಅದರ ಕಪ್ಪು ಪರದೆಯಲ್ಲಿ ‘ಮೌಂಟ್ ಸಿ’ ಎಂದು ಇಂಗ್ಲಿಷ್‌ನಲ್ಲಿ ಬರೆದು, ಸ್ಪೇಸ್ ಬಿಟ್ಟು ಫೋಲ್ಡರ್‌ನ ಪೂರ್ತಿ ವಿಳಾಸ ಕೊಡಿ, ಎಂಟರ್. ನಂತರ ‘ಸಿ’ ಜೊತೆಗೆ ಕೋಲನ್, ಎಂಟರ್. ಕೋಲನ್ ಮರೆತರೆ ಅಂಥ ಕಮಾಂಡೇ ಇಲ್ಲ ಎನ್ನುತ್ತದೆ. ವಿಳಾಸ ಹುಡುಕುವುದಕ್ಕೆ ಬೇಜಾರೆಂದು ಇಡೀ ಸಿ ಡ್ರೈವನ್ನೇ ಮೌಂಟ್ ಮಾಡುವವರೂ ಇದ್ದಾರೆ. ಡಾಸ್‌ನಲ್ಲಿ ಡಿಲೀಟ್ ಎಂದರೆ ಡಿಲೀಟ್, ರೀಸೈಕಲ್ ಬಿನ್ ಎಂಬ ಎರಡನೇ ಅವಕಾಶ ಅಲ್ಲಿಲ್ಲ.

ಆಟದ ಹೆಸರು ಬರೆದು ಎಂಟರ್ ಒತ್ತಿದ್ದೇ, ಅಂತೂ ಡಿಗ್ಗರ್ ತೆರೆದುಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತೂ ಆಯಿತು.

ದೋಷ ವಯಸ್ಸಾದ ಬೆರಳುಗಳದ್ದಲ್ಲ. ಈ ಆಟ ಬರೆದದ್ದು 4.77 ಮೆಗಾಹರ್ಟ್ಸ್‌ನ ಐಬಿಎಂ ಪಿಸಿಗೆ. ಆಗಿನ ಬಹಳಷ್ಟು ಆಟಗಳು ಗಡಿಯಾರ ನೋಡುತ್ತಿರಲಿಲ್ಲ. ಪ್ರೊಸೆಸರ್‌ಗೆ ಎಷ್ಟು ವೇಗವಿದೆಯೋ ಅಷ್ಟು ವೇಗದಲ್ಲಿ ಓಡುತ್ತಿದ್ದವು. ನಾವು ಸುಮ್ಮನಿದ್ದರೆ ಡಾಸ್‌ಬಾಕ್ಸ್ ಇಂಥ ಆಟಕ್ಕೆ 3000 ಸೈಕಲ್ ಕೊಡುತ್ತದೆ; ಸೈಕಲ್ ಎಂದರೆ ಅದು ವೇಗ ಅಳೆಯುವ ಲೆಕ್ಕ. ಹಳೇ ಪಿಸಿಯ ನಡಿಗೆ ಬೇಕಾದರೆ ಸುಮಾರು 300 ಸಾಕು. ಕಾನ್ಫಿಗ್ ಫೈಲ್‌ನ ಸಿಪಿಯು ವಿಭಾಗದಲ್ಲಿ ಸೈಕಲ್ಸ್ ಎಂಬ ಸಾಲಿದೆ. ಅಲ್ಲಿ ‘ಆಟೋ’ ಅಳಿಸಿ ‘ಫಿಕ್ಸೆಡ್ 300’ ಎಂದು ಇಂಗ್ಲಿಷ್‌ನಲ್ಲಿ ಬರೆದು ಸೇವ್ ಮಾಡಿ.

ಆಟದ ನಡುವೆಯೇ ವೇಗ ಬದಲಿಸುವ ದಾರಿಯೂ ಉಂಟು: ಇಳಿಸಲು ಕಂಟ್ರೋಲ್ ಮತ್ತು ಎಫ್11, ಏರಿಸಲು ಕಂಟ್ರೋಲ್ ಮತ್ತು ಎಫ್12. ಇಲ್ಲೊಂದು ತಮಾಷೆ ಅಡಗಿದೆ. ಏರುವಾಗ ನೂರಕ್ಕೆ ಹತ್ತು ಏರುತ್ತದೆ, ಇಳಿಯುವಾಗ ನೂರಕ್ಕೆ ಇಪ್ಪತ್ತು ಇಳಿಯುತ್ತದೆ. 300ರಿಂದ ಒಮ್ಮೆ ಏರಿಸಿ ಒಮ್ಮೆ ಇಳಿಸಿದರೆ ಬಂದು ನಿಲ್ಲುವುದು 264ಕ್ಕೆ. ‘ಇಷ್ಟೊತ್ತು ಸರಿಯಾಗಿತ್ತಲ್ಲ, ಈಗ್ಯಾಕೆ ಕುಂಟುತ್ತಿದೆ’ ಎಂದು ತಲೆ ಕೆರೆದುಕೊಳ್ಳುವವರು ಈ ಲೆಕ್ಕ ಮಾಡಿರುವುದಿಲ್ಲ. ಇದೇ ಸಾಲಿನಲ್ಲಿ ಎರಡು ಕೀ ಈಚೆಗಿರುವ ಎಫ್9 ಅನ್ನು ಕಂಟ್ರೋಲ್ ಜೊತೆ ತಪ್ಪಿ ಒತ್ತಿದರೆ ಡಾಸ್‌ಬಾಕ್ಸೇ ಮುಚ್ಚಿಹೋಗುತ್ತದೆ. ‘ಖಂಡಿತಾನಾ?’ ಎಂಬ ಒಂದು ಸೌಜನ್ಯದ ಪ್ರಶ್ನೆಯೂ ಇಲ್ಲ.

ಡಿಗ್ಗರ್‌ನಲ್ಲಿ ಗುಂಡು ಹಾರಿಸುವ ಕೀ ಎಫ್1. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಜಾಗದಲ್ಲಿ ಧ್ವನಿ ಬಂದ್ ಮಾಡುವ ಗುಂಡಿಯೋ, ಪರದೆಯ ಬೆಳಕು ತಗ್ಗಿಸುವ ಗುಂಡಿಯೋ ಇರುತ್ತದೆ. ಭೂತ ಎದುರಿಗೆ ಬಂದಾಗ ಗುರಿಯಿಟ್ಟು ಹೊಡೆದರೆ ಭೂತಕ್ಕೆ ಏನೂ ಆಗುವುದಿಲ್ಲ, ರೂಮು ಮಾತ್ರ ನಿಶ್ಶಬ್ದವಾಗುತ್ತದೆ. ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಕೀಗಳು ತಮ್ಮ ಮೂಲ ಉದ್ಯೋಗಕ್ಕೆ ಮರಳುತ್ತವೆ.

ವೇಗದ ಕಾಯಿಲೆ ಆಲಿ ಕ್ಯಾಟ್‌ಗೆ ತಟ್ಟಲಿಲ್ಲ. ಬಿಲ್ ವಿಲಿಯಮ್ಸ್ ಬರೆದ ಈ ಬೆಕ್ಕಿನ ಆಟ ಪಿಸಿಗೆ ಬಂದದ್ದು 1984ರಲ್ಲಿ. ಪ್ರೊಸೆಸರ್ ಎಷ್ಟೇ ಜೋರಾಗಿದ್ದರೂ ಬೆಕ್ಕು ಬೆಕ್ಕಿನ ಗತಿಯಲ್ಲೇ ನಡೆಯುವಂತೆ ಅವರು ನೋಡಿಕೊಂಡಿದ್ದರು. ಬೇಲಿ ಹತ್ತಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಬಿದ್ದು, ತೆರೆದ ಕಿಟಕಿಯೊಳಗೆ ಹಾರಬೇಕು. ಒಳಗೆ ಒಂದು ಪೊರಕೆ ತಾನೇ ತಾನಾಗಿ ಬೆಕ್ಕನ್ನು ಅಟ್ಟಾಡಿಸುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಓಡಬೇಡಿ, ನೆಲದ ಮೇಲೆ ಆಚೀಚೆ ನಡೆದು ಹೆಜ್ಜೆ ಗುರುತು ಮಾಡಿ. ಪೊರಕೆಗೆ ಕೊಳೆ ಕಂಡರೆ ಬೆಕ್ಕು ಮರೆತುಹೋಗುತ್ತದೆ, ಗುಡಿಸುತ್ತಾ ನಿಲ್ಲುತ್ತದೆ.

ಇನ್ನು ಕೆಲವು ಪ್ರೋಗ್ರಾಮ್‌ಗಳು ಓಡುವುದಿರಲಿ, ಎದ್ದು ಕೂರುವುದೂ ಇಲ್ಲ. ‘ರನ್‌ಟೈಮ್ ಎರರ್ 200, ಸೊನ್ನೆಯಿಂದ ಭಾಗಾಕಾರ’ ಎಂದು ಆಪಾದಿಸಿ ಹೊರಟುಹೋಗುತ್ತವೆ. ಸೊನ್ನೆಯಿಂದ ಯಾರೂ ಭಾಗಿಸಿರುವುದಿಲ್ಲ. ಇವು ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದವು. ಅದರ ಒಂದು ತುಣುಕು, ಆಟ ಶುರುವಾಗುವ ಮೊದಲು, 55 ಮಿಲಿಸೆಕೆಂಡಿನಲ್ಲಿ ಈ ಕಂಪ್ಯೂಟರ್ ಎಷ್ಟು ಸುತ್ತು ಹಾಕುತ್ತದೆ ಎಂದು ಎಣಿಸಿ, 55ರಿಂದ ಭಾಗಿಸುತ್ತದೆ. ಉತ್ತರ 65,535 ಮೀರಬಾರದು, ಅದಕ್ಕಿಂತ ದೊಡ್ಡ ಅಂಕಿಗೆ ಅಲ್ಲಿ ಜಾಗವೇ ಇಲ್ಲ. ಪೆಂಟಿಯಂ 2ರ ಹೊತ್ತಿಗೆ ಉತ್ತರ ಆ ಗಡಿ ದಾಟಿತು. ಉತ್ತರ ಇದ್ದ ಜಾಗದಲ್ಲಿ ಹಿಡಿಯದಿದ್ದರೂ, ಸೊನ್ನೆಯಿಂದ ಭಾಗಿಸಿದರೂ ಪ್ರೊಸೆಸರ್ ಕಿರುಚುವುದು ಒಂದೇ ರೀತಿ. ಯಂತ್ರ ಎಷ್ಟೇ ಜೋರಿದ್ದರೂ ಆಟ ಹದವಾಗಿ ನಡೆಯಲಿ ಎಂದು ಇಟ್ಟ ಅಳತೆಪಟ್ಟಿ, ಯಂತ್ರ ಜೋರಾಯಿತೆಂದೇ ಮುರಿದು ಬಿತ್ತು. ಇದಕ್ಕೂ ಮದ್ದು ಸೈಕಲ್ ಇಳಿಸುವುದೇ.

ಹೆಲಿಕಾಪ್ಟರ್‌ಗಳನ್ನೂ ಅವುಗಳಿಂದ ಇಳಿಯುವ ಸೈನಿಕರನ್ನೂ ಫಿರಂಗಿಯಿಂದ ಹೊಡೆಯುವ ಪ್ಯಾರಾಟ್ರೂಪರ್ ಸಲೀಸಾಗಿ ತೆರೆದುಕೊಂಡರೂ ಅಂಕ ಸೊನ್ನೆಯಲ್ಲೇ ನಿಂತಿರುತ್ತದೆ. 1982ರಲ್ಲಿ ಇದನ್ನು ಬರೆದ ಗ್ರೆಗ್ ಕೂಪರ್‌ಬರ್ಗ್ ಮುಂದೆ ಗಣಿತಜ್ಞರಾದರು. ಲೆಕ್ಕದಲ್ಲಿ ಕಟ್ಟುನಿಟ್ಟು ಆಗಲೇ ಕಾಣುತ್ತದೆ. ಹಾರಿಸಿದ ಪ್ರತಿ ಗುಂಡಿಗೂ ಒಂದು ಅಂಕ ಖರ್ಚು. ಮೇಲ್ಬಾಣದ ಕೀಯನ್ನು ಎಡೆಬಿಡದೆ ಕುಟ್ಟಿದವರು ಹೆಲಿಕಾಪ್ಟರ್ ಬೀಳಿಸಿ ಗಳಿಸಿದ್ದನ್ನೆಲ್ಲ ಮದ್ದುಗುಂಡಿಗೆ ಕಟ್ಟುತ್ತಾರೆ. ಸೈನಿಕನಿಗಿಂತ ಅವನ ಕೊಡೆಗೆ ಗುರಿಯಿಡುವುದು ಲಾಭ: ಅವನು ಧೊಪ್ಪೆಂದು ಬಿದ್ದು, ಕೆಳಗೆ ಮೊದಲೇ ಇಳಿದು ನಿಂತಿದ್ದವನನ್ನೂ ಕರೆದುಕೊಂಡು ಹೋಗುತ್ತಾನೆ. ಒಂದೇ ಪಕ್ಕದಲ್ಲಿ ನಾಲ್ವರು ಇಳಿದರೋ, ಮಾನವ ಪಿರಮಿಡ್ ಕಟ್ಟಿ ಮೇಲೇರಿ ಫಿರಂಗಿಯನ್ನೇ ಉಡಾಯಿಸುತ್ತಾರೆ. ಪ್ಯಾರಾಚೂಟಿನಲ್ಲಿ ಬಂದ ದಸರಾ ತಾಲೀಮು.

ಇಷ್ಟೆಲ್ಲ ಉಸಾಬರಿ ಬೇಡವೆಂದರೆ, ಹಳತನ್ನೆಲ್ಲ ಕಾಪಿಡುವ ಜಾಲತಾಣ ಇಂಟರ್‌ನೆಟ್ ಆರ್ಕೈವ್ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರ್‌ನಲ್ಲೇ ಆಡುವಂತೆ ಇಟ್ಟಿತು. ಆಟದ ಚೌಕದೊಳಗೆ ಮೊದಲು ಒಮ್ಮೆ ಕ್ಲಿಕ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕೀಗಳೆಲ್ಲ ಬ್ರೌಸರ್‌ನ ಪಾಲು: ಬಾಣದ ಕೀ ಪುಟ ಜಾರಿಸುತ್ತದೆ, ಎಫ್1 ಗುಂಡು ಹಾರಿಸುವ ಬದಲು ಸಹಾಯದ ಪುಟ ತೆರೆಯುತ್ತದೆ. ಭೂತದ ಬಾಯಲ್ಲಿರುವವನಿಗೆ ಪಾಸ್‌ವರ್ಡ್ ಬದಲಿಸುವುದು ಹೇಗೆಂಬ ಸಹಾಯ!

ಡಿಗ್ಗರ್ ಒಂದೇ ಸಾಕೆನ್ನುವವರಿಗೆ ಇನ್ನೊಂದು ದಾರಿ ಇದೆ. ಆಂಡ್ರ್ಯೂ ಜೆನ್ನರ್ ಎಂಬವರು ಮೂಲ ಆಟವನ್ನು ಬಿಚ್ಚಿ, ಎಲ್ಲ ವೇಗದ ಯಂತ್ರಕ್ಕೂ ಹೊಂದುವಂತೆ 1998ರಲ್ಲಿ ಡಿಗ್ಗರ್ ರೀಮಾಸ್ಟರ್ಡ್ ಮಾಡಿದರು. ಆಟದ ಹೆಸರು ಬರೆದಾದ ಮೇಲೆ ಓರೆಗೆರೆ ಎಳೆದು ಕೆ ಅಕ್ಷರ ಹಾಕಿ ಶುರು ಮಾಡಿದರೆ ಕೀಗಳನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಗುಂಡು ಹಾರಿಸಲು ಯಾವ ಕೀ ಬೇಕಾದರೂ ಕೊಡಿ, ಸ್ಪೇಸ್‌ಬಾರ್ ಬೇಡ. ಅದು ಆಟ ನಿಲ್ಲಿಸುವ ಕೀ. ಫೋನ್ ಬಂದಾಗ, ಹಾಲು ಉಕ್ಕಿದಾಗ ಬೇಕಾಗುತ್ತದೆ.