ಮೂಗಿನ ನೇರಕ್ಕೆ ಓದುವ ಮಕ್ಕಳು

ಮಾಯಾವಿದ್ಯೆ ಕಲಿಯಲು ಕಾಡಿಗೆ ಹೋಗಿ ಗುರುಗಳ ಕಾಲೊತ್ತುವ ಕಾಲ ಹೋಯಿತು. ಈಗ ಬೇಕರಿಯ ಮೇಲಿನ ಮಹಡಿಯಲ್ಲೇ ಶಾಲೆ ಇರುತ್ತದೆ. ಕೆಲವು ವಾರಾಂತ್ಯ, ಐದಂಕಿಯ ಶುಲ್ಕ, ಕೊನೆಗೊಂದು ಪ್ರಮಾಣಪತ್ರ. ಕೋರ್ಸಿನ ಹೆಸರು ಮಿಡ್‌ಬ್ರೈನ್ ಆಕ್ಟಿವೇಷನ್, ಅಂದರೆ ಆಫ್ ಆಗಿರುವ ಮಧ್ಯಮಿದುಳನ್ನು ಆನ್ ಮಾಡುವುದಂತೆ. ಕಣ್ಣಿಗೆ ಪಟ್ಟಿ ಕಟ್ಟಿದರೂ ಮಗು ಪುಸ್ತಕ ಓದುತ್ತದೆ, ನೋಟಿನ ನಂಬರ್ ಹೇಳುತ್ತದೆ, ಕಾರ್ಡನ್ನು ಮೂಸಿ ಬಣ್ಣ ಗುರುತಿಸುತ್ತದೆ ಎಂಬುದು ಅವರ ಮಾತು.

ಮಧ್ಯಮಿದುಳು ಎಂಬುದು ಮಿದುಳುಕಾಂಡದ ಮೇಲ್ತುದಿಯಲ್ಲಿರುವ ಪುಟ್ಟ ಭಾಗ. ಕಣ್ಣುಗುಡ್ಡೆ ಹೊರಳಿಸಲು, ಬೆಳಕಿಗೆ ಪಾಪೆಯನ್ನು ಕಿರಿದಾಗಿಸಲು, ನಮ್ಮನ್ನು ಎಚ್ಚರವಾಗಿಡಲು ಅದು ಹುಟ್ಟಿದಾಗಿನಿಂದ ರಜೆಯಿಲ್ಲದೆ ದುಡಿಯುತ್ತಿದೆ. ಅದು ನಿಜಕ್ಕೂ ಆಫ್ ಆಗಿದ್ದರೆ ಮಗುವನ್ನು ಸೇರಿಸಬೇಕಾದದ್ದು ಈ ಶಾಲೆಗಲ್ಲ, ತೀವ್ರ ನಿಗಾ ಘಟಕಕ್ಕೆ.

ಆದರೆ ಶಾಲೆ ಏನನ್ನೂ ಕಲಿಸುವುದಿಲ್ಲ ಎಂದರೆ ಅನ್ಯಾಯವಾದೀತು. ಮೊದಲ ದಿನವೇ ಪಟ್ಟಿ ಕಟ್ಟಿಸಿಕೊಂಡ ಹುಡುಗನ ಮುಂದೆ ಎರಡು ದಾರಿ ತೆರೆದುಕೊಳ್ಳುತ್ತವೆ. ‘ಏನೂ ಕಾಣುತ್ತಿಲ್ಲ ಸರ್’ ಎಂದು ನಿಜ ಹೇಳಿದರೆ ಅವನಿನ್ನೂ ಆಕ್ಟಿವೇಟ್ ಆಗಿಲ್ಲ ಎಂದರ್ಥ; ಮನೆಯಲ್ಲಿ ದಿನವೂ ಅಭ್ಯಾಸ, ಅಪ್ಪನ ಮುಖದಲ್ಲಿ ಕಟ್ಟಿದ ಶುಲ್ಕದ ಸಂಕಟ. ಪಕ್ಕದ ಹುಡುಗಿ ಆಗಲೇ ಗುಟ್ಟು ಹಿಡಿದಿದ್ದಾಳೆ. ಮೂಗಿನ ಎರಡೂ ಬದಿಯಲ್ಲಿ ಪಟ್ಟಿ ಕೆನ್ನೆಗೆ ಅಂಟುವುದಿಲ್ಲ. ಗದ್ದ ತುಸು ಮೇಲೆತ್ತಿ, ಕಾರ್ಡನ್ನು ಹೊಟ್ಟೆಯ ಹತ್ತಿರ ಹಿಡಿದರೆ ಆ ಸಂದಿಯಲ್ಲಿ ಇಡೀ ಜಗತ್ತು ಕಾಣುತ್ತದೆ. ‘ಕೆಂಪು!’ ಎನ್ನುತ್ತಾಳೆ. ಚಪ್ಪಾಳೆಯೋ ಚಪ್ಪಾಳೆ.

ಹುಡುಗನೂ ಎರಡನೆಯ ದಾರಿ ಹಿಡಿಯುತ್ತಾನೆ. ಅಸಲಿ ಫಲ ಸಿಗುವುದು ಆಮೇಲೆ. ಗೃಹಪ್ರವೇಶಕ್ಕೆ ಹೋದರೆ ಪಟ್ಟಿ, ನಾಮಕರಣಕ್ಕೆ ಹೋದರೆ ಪಟ್ಟಿ. ಊಟದ ಎಲೆಯ ಮುಂದೆ ಕೂತವನನ್ನು ಎಬ್ಬಿಸಿ, ‘ಎಲ್ಲಿ, ಮಾವನ ಆಧಾರ್ ಕಾರ್ಡ್ ಓದು ಪುಟ್ಟಾ’ ಎನ್ನುತ್ತಾರೆ. ಸುಳ್ಳು ಹೇಳಿದ್ದು ಒಂದೇ ಸಲ, ಆದರೆ ಅದನ್ನು ಸಾಕಬೇಕಾದದ್ದು ಹತ್ತನೆಯ ತರಗತಿಯವರೆಗೆ. ಯಾವುದಾದರೂ ಅಜ್ಜಿ, ‘ಗದ್ದದ ಕೆಳಗೊಂದು ರಟ್ಟು ಹಿಡಿಯಿರಿ ನೋಡೋಣ’ ಎಂದರೆ ಮುಗಿಯಿತು, ಸಭೆಯಲ್ಲಿ ನಕಾರಾತ್ಮಕ ಶಕ್ತಿ ಹೊಕ್ಕಿದೆ ಎಂದು ಗುರುಗಳು ಪ್ರದರ್ಶನ ನಿಲ್ಲಿಸುತ್ತಾರೆ. ದೀಪ ಆರಿಸಿದರೂ ಅದೇ ಕಥೆ. ಕಣ್ಣೇ ಬೇಡದ ವಿದ್ಯೆಗೆ ಟ್ಯೂಬ್‌ಲೈಟ್ ಯಾಕೆ ಬೇಕು ಎಂದು ಕೇಳುವವರು ಆ ಸಭೆಯಲ್ಲಿ ಇರುವುದೇ ಇಲ್ಲ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆಂದೇ ಸಮಿತಿ ರಚಿಸಿದ್ದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಈ ಮೂಗಿನ ಸಂದಿಯ ವಿದ್ಯೆಯನ್ನು ವರ್ಷಗಳಿಂದ ಬಯಲು ಮಾಡುತ್ತಲೇ ಬಂದಿದ್ದಾರೆ. ಆದರೆ ದುಡ್ಡು ಕೊಟ್ಟು ಬಂದ ಪಾಲಕರಿಗೆ ಪರೀಕ್ಷೆ ಎಂದರೆ ಅಲರ್ಜಿ. ಇದರಲ್ಲಿ ಆಶ್ಚರ್ಯವಿಲ್ಲ ಬಿಡಿ; ಪಟ್ಟಿ ಕಟ್ಟಿದ್ದು ಯಾರಿಗೆ ಎಂದು ಮಕ್ಕಳಿಗೆ ಚೆನ್ನಾಗಿಯೇ ಗೊತ್ತು. ಮಕ್ಕಳದಾದರೂ ಕೆಳಗಡೆ ಸ್ವಲ್ಪ ಸಡಿಲ ಇರುತ್ತದೆ.

ಇಂಥದ್ದೇ ಒಬ್ಬ ಸಾಧಕನನ್ನು ಅಪ್ಪ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿದ್ದಾನೆ ಎಂದುಕೊಳ್ಳಿ. ತರಗತಿಯ ಬೋರ್ಡು ಮಸುಕಾಗಿ ಕಾಣುತ್ತದೆಂದು ಮೇಷ್ಟ್ರು ಚೀಟಿ ಕಳಿಸಿದ್ದಾರೆ; ಕಣ್ಣು ಪರೀಕ್ಷಿಸಿದರೆ ಮೈನಸ್ ಎರಡು. ಅಪ್ಪನಿಗೆ ನಾಚಿಕೆ ಇಲ್ಲ, ಅನುಮಾನವೂ ಇಲ್ಲ. ಅಂಗಡಿಯವನನ್ನು ಅವನು ಕೇಳುವುದು ಒಂದೇ ಪ್ರಶ್ನೆ: ಕನ್ನಡಕವನ್ನು ಪಟ್ಟಿಯ ಒಳಗೆ ಹಾಕಬೇಕೋ, ಮೇಲೆ ಹಾಕಬೇಕೋ?